ಸ್ಟೇರಿಂಗ್ ನಡುಗುತ್ತದೆ

ಕಂಡಕ್ಟರ್ ಹೋಗಿ ಡಿಪೋ ಮ್ಯಾನೇಜರ್ ಕಿವಿಯಲ್ಲಿ ಊದಿದ್ದನ್ನು ಡ್ರೈವರ್ ಇವತ್ತಿಗೂ ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ. ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಒಬ್ಬ ಮುಂದೆ, ಒಬ್ಬ ಹಿಂದೆ ದುಡಿದವರು. ಒಂದು ಟೀ ತರಿಸಿ ಎರಡು ಲೋಟಕ್ಕೆ ಹಂಚಿಕೊಂಡವರು. ಅಂಥವನು ಇವನಿಗೆ ಒಂದು ಮಾತೂ ಹೇಳದೆ ಸೀದಾ ಸಾಹೇಬರ ಕೋಣೆಗೆ ನುಗ್ಗಿ, "ಇವನ ಕೈಗೆ ಗಾಡಿ ಕೊಡಬೇಡಿ" ಅಂದುಬಿಟ್ಟ. ಒಂದು ಮಾತಲ್ಲ, ಇವನಿಗೇ ನೂರು ಸಲ ಹೇಳಿದ್ದ ಅಂತ ಡ್ರೈವರ್‌ನ ಹೆಂಡತಿ ಹೇಳುತ್ತಾಳೆ. ಅವಳದು ಬಿಡಿ, ಅವಳು ಯಾವತ್ತು ಗಂಡನ ಪಕ್ಷ ವಹಿಸಿದ್ದಾಳೆ?

ಡಿಪೋದಲ್ಲಿ ಡ್ರೈವರ್‌ಗೆ ಹಾರ್ನಣ್ಣ ಅಂತ ಹೆಸರು. ಬಸ್ಸಿನ ಹಾರ್ನ್ ಕೆಟ್ಟರೂ ನಡೆಯುತ್ತದೆ, ಇವನ ಬಾಯಿ ಸಾಕು ಅಂತ ಟೈರ್ ಸೆಕ್ಷನ್ನಿನ ಯಾವನೋ ಇಟ್ಟ ಹೆಸರು ಅದು. ಸುಳ್ಳೇನಲ್ಲ. ಅಡ್ಡ ಬಂದ ಸೈಕಲ್ಲಿನವನಿಗೆ, ಕೈ ತೋರಿಸದೆ ತಿರುಗಿದ ಕಾರಿನವನಿಗೆ, ಬಾಗಿಲಲ್ಲೇ ನೇತಾಡುವ ಕಾಲೇಜು ಹುಡುಗರಿಗೆ, ಎಲ್ಲರಿಗೂ ಅವರವರ ಯೋಗ್ಯತೆಗೆ ತಕ್ಕ ಬೈಗುಳ ತಯಾರಿರುತ್ತಿತ್ತು. ಕೋಪ ಅವನಿಗೆ ಮೂಗಿನ ತುದಿಯಲ್ಲೂ ಇರಲಿಲ್ಲ, ಅಲ್ಲಿಂದಲೂ ಒಂದು ಗೇಣು ಮುಂದೆ ಹೋಗಿ ನಿಂತಿರುತ್ತಿತ್ತು. ಆದರೆ ಗಾಡಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತುಂಬಿದ ಬಸ್ಸನ್ನು ಸಂತೆಯಂಥ ಬೀದಿಯಲ್ಲಿ ಕನ್ನಡಿಗೆ ಒಂದು ಗೀರು ಬೀಳದ ಹಾಗೆ ತೂರಿಸಿಕೊಂಡು ಬರುತ್ತಿದ್ದ. ಲಾರಿ ತೊಳೆಯುವ ಕೆಲಸದಿಂದ ಶುರುಮಾಡಿ, ಬೈಸಿಕೊಂಡು, ಒದೆಸಿಕೊಂಡು ಸ್ಟೇರಿಂಗ್‌ವರೆಗೆ ಬಂದವನು. ಮನೆಯಲ್ಲಿ ತನ್ನ ಟವೆಲ್ ಎಲ್ಲಿದೆ ಅಂತ ಗೊತ್ತಿಲ್ಲದ ಗಂಡ, ಆ ಸೀಟಿನಲ್ಲಿ ಕೂತರೆ ಮಾತ್ರ ಒಬ್ಬ ಮನುಷ್ಯ. ಆ ಸೀಟು ಹೋದರೆ ತನ್ನದು ಅಂತ ಏನೂ ಉಳಿಯಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಸೀಟಿಗೆ ಕುತ್ತು ಬಂದದ್ದು ಸಕ್ಕರೆಯಿಂದ.

ಬಸ್ ಓಡಿಸುವವನ ಹೊಟ್ಟೆಗೆ ಗಡಿಯಾರ ಇರುವುದಿಲ್ಲ. ರಸ್ತೆ ಬಿಟ್ಟಾಗ ಊಟ. ಕೊನೇ ಸ್ಟಾಪಿನ ಟೀ ಅಂಗಡಿಯವನು ಬಸ್ಸಿನವರಿಗೆ ಪುಕ್ಕಟೆ ಕೊಡುತ್ತಿದ್ದ, ಯಾಕೆಂದರೆ ಬಸ್ ನಿಂತರೆ ತಾನೇ ಗಿರಾಕಿ ಇಳಿಯುವುದು. ಪುಕ್ಕಟೆ ಟೀಗೆ ಸಕ್ಕರೆ ಧಾರಾಳ. ಆ ತುದಿಗೆ ಹೋದರೆ ಒಂದು, ಈ ತುದಿಗೆ ಬಂದರೆ ಇನ್ನೊಂದು, ಜೊತೆಗೆ ಎರಡು ಬನ್ನು. ದಿನವಿಡೀ ಕೂತೇ ಇರುವುದು. ಬಾಯಾರಿದರೂ ನೀರು ಕುಡಿಯುವ ಹಾಗಿಲ್ಲ, ಕುಡಿದರೆ ಮಧ್ಯದಲ್ಲಿ ಎಲ್ಲಿ ಇಳಿಯುವುದು? ಮನೆಗೆ ಬಂದ ಮೇಲೆ ಇಡೀ ದಿನದ ಹಸಿವನ್ನು ಒಂದೇ ತಟ್ಟೆಯಲ್ಲಿ ತೀರಿಸಿ ಗೋಡೆ ಕಡೆ ತಿರುಗಿ ಮಲಗುವುದು. ಮೈ ಭಾರ ಬಂತು, ಕಾಲು ಜೋಮು ಹಿಡಿಯಿತು. ವರ್ಷಕ್ಕೊಮ್ಮೆ ಡಿಪೋದವರು ಮಾಡಿಸುವ ತಪಾಸಣೆಯಲ್ಲಿ ರಕ್ತದ ಸಕ್ಕರೆ ಗೆರೆ ದಾಟಿ ಎಲ್ಲೋ ಹೋಗಿತ್ತು.

ಮ್ಯಾನೇಜರ್ ಕರೆಸಿ ಹೇಳಿದರು. "ನೋಡಪ್ಪ, ಮುಂದಿನ ತಪಾಸಣೆಗೆ ಇದು ಇಳೀಬೇಕು. ಇಳೀಲಿಲ್ಲ ಅಂದ್ರೆ ನಿನ್ನನ್ನ ಸ್ಟೇರಿಂಗ್ ಮೇಲೆ ಕೂರಿಸೋಕೆ ಆಗಲ್ಲ. ರೂಲ್ಸು."

"ಇಳಿಸ್ತೀನಿ ಸಾರ್" ಅಂದ ಡ್ರೈವರ್, ಸಕ್ಕರೆ ಏನೋ ಬಸ್ಸಿನ ಪ್ಯಾಸೆಂಜರ್ ಅನ್ನುವ ಹಾಗೆ.

ಡಾಕ್ಟರ್ ಗಂಟಲು ಒಣಗುವಷ್ಟು ಹೇಳಿದರು. ಮಾತ್ರೆ ನುಂಗಿದ ಮೇಲೆ ತಿಂಡಿ ತಪ್ಪಿಸಬೇಡ. ಹೊತ್ತು ಹೊತ್ತಿಗೆ ಸ್ವಲ್ಪ ಸ್ವಲ್ಪ ತಿನ್ನು. ಟೀಗೆ ಸಕ್ಕರೆ ಬೇಡ. ರಾತ್ರಿ ತಟ್ಟೆ ಚಿಕ್ಕದು ಮಾಡು. ದಿನಾ ಬೆವರು ಬರುವ ಹಾಗೆ ನಡಿ. ಇಷ್ಟರಲ್ಲಿ ಅವನ ಕಿವಿಗೆ ಇಳಿದದ್ದು ಎರಡೇ: ಮಾತ್ರೆ ನುಂಗಬೇಕು, ತಿನ್ನುವುದು ಕಮ್ಮಿ ಮಾಡಬೇಕು. ಮಿಕ್ಕದ್ದನ್ನು ಅವನೇ ಡ್ರೈವರ್ ಬುದ್ಧಿಯಲ್ಲಿ ಲೆಕ್ಕ ಹಾಕಿಕೊಂಡ. ಗಾಡಿ ಹೊಗೆ ಉಗುಳ್ತಾ ಇದೆ ಅಂದರೆ ಎಣ್ಣೆ ಜಾಸ್ತಿ ಹೋಗ್ತಾ ಇದೆ ಅಂತ. ಎಣ್ಣೆ ಕಮ್ಮಿ ಮಾಡಿದರೆ ಹೊಗೆ ಕಮ್ಮಿ. ಎಣ್ಣೆ ನಿಲ್ಲಿಸಿದರೆ ಹೊಗೆಯೇ ಇಲ್ಲ.

ಹಾಗಾಗಿ ಬೆಳಗಿನ ತಿಂಡಿಯನ್ನೇ ನಿಲ್ಲಿಸಿದ. ಮಾತ್ರೆ ಮಾತ್ರ ತಪ್ಪದೆ ನುಂಗುತ್ತಿದ್ದ.

ಹೆಂಡತಿಗೆ ಇದು ಗೊತ್ತಿರಲಿಲ್ಲ. ಅವಳು ಕತ್ತಲಿರುವಾಗಲೇ ಎದ್ದು, ಡಾಕ್ಟರ್ ಹೇಳಿದ ಹಾಗೆ ಎಣ್ಣೆ ಕಮ್ಮಿ, ಸೊಪ್ಪು ಜಾಸ್ತಿ ಹಾಕಿ ತಿಂಡಿಯ ಡಬ್ಬಿ ಕಟ್ಟುತ್ತಿದ್ದಳು. ಡಬ್ಬಿ ಸಂಜೆ ಖಾಲಿಯಾಗಿ ಬರುತ್ತಿತ್ತು. ಅದನ್ನು ಖಾಲಿ ಮಾಡುತ್ತಿದ್ದವನು ಡಿಪೋ ಗೇಟಿನ ವಾಚ್‌ಮನ್. ಆ ವಾಚ್‌ಮನ್ ಆ ದಿನಗಳಲ್ಲಿ ಬೆಲ್ಟಿಗೆ ಹೊಸ ತೂತು ಹಾಕಿಸಿಕೊಂಡ.

ಟೀ ಅಂಗಡಿಯಲ್ಲೂ ಜಗಳವಾಯಿತು.

"ಸಕ್ಕರೆ ಹಾಕಬೇಡ" ಅಂದ ಡ್ರೈವರ್.

"ಯಾಕಣ್ಣ, ಮನೇಲಿ ಬೈದ್ರಾ?"

"ಹಾಕಬೇಡ ಅಂದ್ರೆ ಹಾಕಬೇಡ. ನಿನಗೆ ಕಾರಣ ಬೇರೆ ಹೇಳಬೇಕಾ?"

ಒಂದು ಗುಟುಕು ಕುಡಿದು ಮುಖ ಕಿವುಚಿ ಮಿಕ್ಕದ್ದನ್ನು ಚರಂಡಿಗೆ ಸುರಿದ. "ಇದು ಟೀ ಅಲ್ಲ, ಬಿಸಿನೀರಿಗೆ ಬೈದು ಬಣ್ಣ ಬರಿಸಿದ ಹಾಗಿದೆ" ಅಂದ. ಅವತ್ತಿಂದ ಟೀಯೂ ಬಿಟ್ಟ. ಈಗ ಮಧ್ಯಾಹ್ನದವರೆಗೆ ಹೊಟ್ಟೆಯಲ್ಲಿ ಇರುತ್ತಿದ್ದದ್ದು ಆ ಮಾತ್ರೆ, ಮತ್ತೆ ಸಿಟ್ಟು.

ಇದಾಗಿ ಕೆಲವು ವಾರಕ್ಕೆ ಸ್ಟೇರಿಂಗ್ ನಡುಗಲು ಶುರುವಾಯಿತು.

ದಿನವಿಡೀ ಅಲ್ಲ. ಬೆಳಗಿನ ಮೊದಲ ಟ್ರಿಪ್ ಚೆನ್ನಾಗೇ ಹೋಗುತ್ತಿತ್ತು. ಬಿಸಿಲೇರಿದ ಮೇಲೆ, ಊಟಕ್ಕೆ ಮುಂಚಿನ ಟ್ರಿಪ್ಪಿನಲ್ಲಿ ಅಂಗೈ ಕೆಳಗೆ ಚಕ್ರ ಸಣ್ಣಗೆ ನಡುಗುವುದು. ಜೊತೆಗೆ ಪಕ್ಕದ ಇಂಜಿನ್ ಕಾವು ಮುಖಕ್ಕೆ ಹೊಡೆದು ಅಂಗಿ ಬೆವರಿನಲ್ಲಿ ತೊಯ್ದು ಬೆನ್ನಿಗೆ ಅಂಟುವುದು. ಊಟ ಮಾಡಿ ಬಂದು ಕೂತರೆ ಸ್ಟೇರಿಂಗ್ ತೆಪ್ಪಗೆ. ಗಾಡಿ ಬಿಸಿಯಾದರೆ ಯಾವುದೋ ಬುಷ್ಷು ಸಡಿಲವಾಗುತ್ತಿದೆ, ನಿಲ್ಲಿಸಿ ಆರಿಸಿದರೆ ಸರಿಹೋಗುತ್ತಿದೆ ಅಂತ ಡ್ರೈವರ್ ತೀರ್ಮಾನ ಮಾಡಿದ. ಗಾಡಿ ಬಲ್ಲವನು ಇನ್ನೇನು ತೀರ್ಮಾನ ಮಾಡಿಯಾನು?

ಡಿಪೋದ ಮೆಕ್ಯಾನಿಕ್ಕನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ನಿವೃತ್ತಿ ಹತ್ತಿರವಿದ್ದ ಮುದುಕ, ಅವನೂ ನಾಲಿಗೆ ಹರಿತದವನೇ. ಬಸ್ಸನ್ನು ಗುಂಡಿಯ ಮೇಲೆ ನಿಲ್ಲಿಸಿ, ಅಡಿಯಲ್ಲಿ ನಿಂತು ಬಡಿದು, ಅಲುಗಾಡಿಸಿ, ಮುಂದಿನ ಚಕ್ರ ಬಿಚ್ಚಿ ನೋಡಿದ. ಏನೂ ಇರಲಿಲ್ಲ.

"ಮೇಸ್ತ್ರಿ, ನಿನಗೆ ಕಣ್ಣು ಕಾಣ್ಸಲ್ಲ. ಸ್ಟೇರಿಂಗ್ ಬಾಕ್ಸ್ ಬಿಚ್ಚು."

"ಬಿಚ್ಚಿದ್ದಾಯ್ತು. ನಿನ್ನ ತಲೆ ಒಂದು ಬಿಚ್ಚಿಲ್ಲ ನಾನು."

"ಕೆಲಸ ಬರಲ್ಲ ಅಂದ್ರೆ ಬಾಯಿಬಿಟ್ಟು ಹೇಳು, ಬೇರೆಯವರನ್ನ ಕರೀತೀನಿ."

"ನಾನು ಸ್ಪ್ಯಾನರ್ ಹಿಡಿದಾಗ ನೀನು ಲಾರಿ ತೊಳೀತಿದ್ದೆ. ನನಗೆ ಕೆಲಸ ಕಲಿಸ್ತೀಯಾ?"

ಹೀಗೆ ದಿನಾ. ಪಾಳಿ ಮೇಲೆ ಅದೇ ಬಸ್ ಓಡಿಸುವ ಇನ್ನೊಬ್ಬ ಡ್ರೈವರ್ ಯಾವ ನಡುಕವೂ ಇಲ್ಲ ಅಂದ. "ಅವನಿಗೆ ಭೂಕಂಪ ಆದ್ರೂ ಗೊತ್ತಾಗಲ್ಲ" ಅಂತ ಇವನು ತಳ್ಳಿಹಾಕಿದ. ಬಸ್ಸು ಬದಲಾಯಿಸಿಕೊಟ್ಟರು. ಹೊಸ ಬಸ್ಸಿನ ಸ್ಟೇರಿಂಗೂ ನಡುಗಿತು. ಈ ಡಿಪೋದಲ್ಲಿ ಒಂದು ನೆಟ್ಟಗಿರೋ ಗಾಡಿ ಇಲ್ಲ ಅಂತ ಗೇಟಿನಲ್ಲಿ ನಿಂತು ಹಾರಾಡಿದ.

ಕಡೆಗೆ ಮೇಸ್ತ್ರಿಗೆ ರೇಗಿತು. "ನಡಿ, ಆ ನಡುಗೋ ಟ್ರಿಪ್ಪಿಗೆ ನಾನೇ ಬರ್ತೀನಿ" ಅಂತ ಎಣ್ಣೆ ಬಟ್ಟೆಯಲ್ಲೇ ಹತ್ತಿ ಬಾನೆಟ್ ಪಕ್ಕ ಕೂತ. ಕೊನೇ ಸ್ಟಾಪಿನಲ್ಲಿ ಜನ ಇಳಿದರು. ಡ್ರೈವರ್ ಹಲ್ಲು ಕಡಿಯುತ್ತಾ, "ಈಗ ಹಿಡಿದು ನೋಡು, ನಡುಗ್ತಾ ಇದೆ" ಅಂತ ಎದ್ದು ಸೀಟು ಬಿಟ್ಟುಕೊಟ್ಟ. ಮೇಸ್ತ್ರಿ ಕೂತು ಹಿಡಿದ. ನಡುಗಲಿಲ್ಲ. ಆ ಬಯಲಲ್ಲೇ ಒಂದು ಸುತ್ತು ಹಾಕಿದ. ಕಂಡಕ್ಟರ್ ಚಿಲ್ಲರೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದ. ಡ್ರೈವರ್ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತಿದ್ದ.

ಮೇಸ್ತ್ರಿ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿದ. ಇಡೀ ಬಸ್ಸು ಸತ್ತ ಹಾಗೆ ನಿಂತಿತು. ಆಮೇಲೆ ಹಿಂದೆ ತಿರುಗಿ ಡ್ರೈವರ್‌ನ ಕೈ ನೋಡಿದ.

"ಈಗ ಯಾವ ಸ್ಟೇರಿಂಗ್ ಹಿಡಿದಿದೀಯಪ್ಪ?" ಅಂದ.

ಕಂಬಿಯ ಮೇಲೆ ಕೈ ಎಲೆಯ ಹಾಗೆ ಅಲ್ಲಾಡುತ್ತಿತ್ತು. ಡ್ರೈವರ್ ಕೈ ಕಿತ್ತುಕೊಂಡು ಪ್ಯಾಂಟಿನ ಜೇಬಿಗೆ ತುರುಕಿದ. ಜೇಬೂ ಅಲ್ಲಾಡಿತು.

ಮೇಸ್ತ್ರಿ ನಗಲಿಲ್ಲ. ಅವನು ನಕ್ಕಿದ್ದರೆ ಡ್ರೈವರ್‌ಗೆ ಜಗಳವಾಡಿ ಬಚಾವಾಗಲು ದಾರಿಯಾದರೂ ಇರುತ್ತಿತ್ತು. ಕಂಡಕ್ಟರ್ ಹತ್ತಿರ ಬಂದ.

"ನಮ್ಮಮ್ಮನಿಗೂ ಹೀಗೇ ಆಗ್ತಿತ್ತಣ್ಣ. ಸಕ್ಕರೆ ಮಾತ್ರೆ ನುಂಗಿ ಊಟ ತಡವಾದ್ರೆ ಕೈ ನಡುಗೋದು, ಬೆವರೋದು, ಸುಮ್ಸುಮ್ನೆ ರೇಗೋದು. ಬೆಳಗ್ಗೆ ಏನು ತಿಂದೆ?"

"ತಿಂದೆ."

"ಏನು ತಿಂದೆ ಅಂದೆ ನಾನು."

"ನಿನ್ನ ತಲೆ ತಿಂದೆ. ಟಿಕೆಟ್ ಹರಿಯೋನು ಟಿಕೆಟ್ ಹರಿ. ಡಾಕ್ಟ್ರಾಗಬೇಡ."

"ಅಣ್ಣ, ಹಿಂದೆ ಕೂತಿರೋರು ನನ್ನ ಪ್ಯಾಸೆಂಜರ್‌ಗಳು. ತಿಂದು ಸ್ಟೇರಿಂಗ್ ಹಿಡಿ. ಇಲ್ಲ ಅಂದ್ರೆ ನಾನು ಸಾಹೇಬ್ರಿಗೆ ಹೇಳಬೇಕಾಗುತ್ತೆ."

"ಹೇಳು ನೋಡೋಣ. ಆಮೇಲೆ ಜನ್ಮದಲ್ಲಿ ನಿನ್ನ ಮುಖ ನೋಡಿದ್ರೆ ಕೇಳು."

ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ಕಂಡಕ್ಟರ್ ಒಂದು ಸೀಟಿ ಊದಿದರೆ ಇವನು ನಿಲ್ಲಿಸುವುದು, ಎರಡು ಊದಿದರೆ ಹೊರಡುವುದು, ಅಷ್ಟೇ ಸಂಸಾರ. ಬಾಯಲ್ಲಿ "ರೈಟ್" ಅನ್ನುವುದನ್ನೂ ಕಂಡಕ್ಟರ್ ಬಿಟ್ಟ. ಆದರೆ ಅವತ್ತೇ ಅವನು ಒಂದು ಪೊಟ್ಟಣ ಸಕ್ಕರೆ ಕಟ್ಟಿ ಚಿಲ್ಲರೆ ಚೀಲದ ತಳದಲ್ಲಿ ಇಟ್ಟುಕೊಂಡದ್ದು ಡ್ರೈವರ್‌ಗೆ ಗೊತ್ತಾಗಲಿಲ್ಲ.

ತಪಾಸಣೆ ಹತ್ತಿರವಾಗುತ್ತಿತ್ತು. ಡ್ರೈವರ್ ಒಳಗೊಳಗೇ ಹೆದರಿದ್ದ. ಹೆದರಿದವನು ತಿನ್ನಬೇಕಿತ್ತು, ಇವನು ಇನ್ನಷ್ಟು ಬಿಗಿ ಹಿಡಿದ. ರಾತ್ರಿ ಊಟವನ್ನೂ ಅರ್ಧ ಮಾಡಿದ. ಬೆಳಗ್ಗೆ ಎದ್ದು, ಡಾಕ್ಟರ್ ನಡಿ ಅಂದಿದ್ದರಲ್ಲ ಅಂತ ಅಷ್ಟು ದಿನ ಇಲ್ಲದ ನಡಿಗೆಯನ್ನೂ ಶುರುಮಾಡಿದ. ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಡಿಪೋದವರೆಗೆ ನಡೆದು ಬಂದು ಗಾಡಿ ಹತ್ತಿದ.

ಅವತ್ತು ಸ್ಟೇರಿಂಗ್ ನಡುಗಿತು, ಆಮೇಲೆ ನಡುಗುವುದೂ ಗೊತ್ತಾಗಲಿಲ್ಲ. ಬಸ್ ತುಂಬಿತ್ತು. ಸೇತುವೆಗೆ ಎರಡು ಸ್ಟಾಪು ಮುಂಚೆ ಕಂಡಕ್ಟರ್ ಒಂದು ಸೀಟಿ ಊದಿದ. ಬಸ್ ನಿಲ್ಲಲಿಲ್ಲ. ಇಳಿಯಬೇಕಾದವರು ಕೂಗಿದರು. ಅವರ ಕೂಗು ಡ್ರೈವರ್‌ಗೆ ಬಾವಿಯ ಒಳಗಿನಿಂದ ಬಂದ ಹಾಗೆ ಕೇಳಿಸಿತು. ಯಾಕೆ ಕೂಗುತ್ತಿದ್ದಾರೆ, ತಾನು ಎಲ್ಲಿಗೆ ಹೋಗುತ್ತಿದ್ದೇನೆ ಅನ್ನುವುದು ಹೊಳೆಯಲಿಲ್ಲ. ಇನ್ನೊಂದು ಸ್ಟಾಪೂ ಹಿಂದಾಯಿತು. ಬಸ್ ಆಮೆಯ ಹಾಗೆ ತೆವಳುತ್ತಾ ಎಡಕ್ಕೆ ವಾಲಿ, ಸೇತುವೆಯ ಕಬ್ಬಿಣದ ಕಟಕಟೆಗೆ ಮೈ ಉಜ್ಜಿತು. ಯಾವತ್ತೂ ಗೀರು ಬೀಳದ ಆ ಕಡೆಯ ಕನ್ನಡಿ ಪಟ್ಟನೆ ಒಡೆದು ಕೆಳಗೆ ಬಿತ್ತು.

ಕಂಡಕ್ಟರ್ ಜನರ ಮೈಮೇಲೆ ಹತ್ತಿ ಇಳಿದು ಮುಂದೆ ಬಂದ. ಡ್ರೈವರ್‌ನ ತೊಡೆಯ ಮೇಲಿಂದ ಬಗ್ಗಿ ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ನಿಲ್ಲಿಸಿದ. ಚೀಲದಿಂದ ಪೊಟ್ಟಣ ತೆಗೆದು ಹಿಡಿ ಸಕ್ಕರೆ ಅವನ ಬಾಯಿಗೆ ಒಡ್ಡಿದ.

"ಬಾಯಿ ತೆಗಿ."

"ಯಾವೋನೋ ನೀನು?" ಅಂದ ಡ್ರೈವರ್, ನಾಲಿಗೆ ತಡವರಿಸುತ್ತಾ. ಕೈಯನ್ನು ತಳ್ಳಿದ.

"ನಿನ್ನ ಶತ್ರು ಅಂತಲೇ ಇಟ್ಕೋ. ಬಾಯಿ ತೆಗೆದು ನುಂಗು" ಅಂತ ಕಂಡಕ್ಟರ್ ಸಕ್ಕರೆಯನ್ನು ಬಾಯಿಗೆ ತುರುಕಿದ.

ಇಷ್ಟರಲ್ಲಿ ಹಿಂದಿನವರು ಮುಂದಕ್ಕೆ ನುಗ್ಗಿದ್ದರು. ತೊದಲುವ ನಾಲಿಗೆ, ಬೆವರಿದ ಮುಖ, ಮೇಲೆ ನೆಟ್ಟ ಕಣ್ಣು. ಕುಡಿದಿದ್ದಾನೆ ಅಂತ ಯಾರೋ ಅಂದರು. ಹಾಗಂದದ್ದೇ ತಡ, ಇಡೀ ಬಸ್ಸು ಅದನ್ನೇ ಅಂದಿತು. ಎಳೀರಿ ಅವನನ್ನ ಅಂತ ಗಲಾಟೆಯೆದ್ದಿತು. ಕಂಡಕ್ಟರ್ ಸೀಟಿಗೆ ಬೆನ್ನು ಕೊಟ್ಟು, ಎರಡು ಕಡೆಯ ಕಂಬಿ ಹಿಡಿದು ಅಡ್ಡ ನಿಂತ.

"ಅವನು ಕುಡಿದಿಲ್ಲ. ಸಕ್ಕರೆ ಕಾಯಿಲೆ. ಸಕ್ಕರೆ ಇಳಿದುಹೋಗಿದೆ."

"ಕುಡುಕನಿಗೆ ವಕಾಲತ್ತು ಬೇರೆ" ಅಂದ ದಪ್ಪ ಆಸಾಮಿಯೊಬ್ಬ. ಅವನ ಹೆಂಡತಿ ಬ್ರೇಕಿಗೆ ಮುಗ್ಗರಿಸಿ ಮೊಣಕಾಲು ತರಚಿಕೊಂಡಿದ್ದಳು. "ಪಕ್ಕಕ್ಕೆ ಹೋಗ್ತೀಯೋ ಇಲ್ಲವೋ?"

"ಹೋಗಲ್ಲ."

ಆಸಾಮಿ ಕೈ ಬೀಸಿದ. ಕಂಡಕ್ಟರ್ ಕಂಬಿ ಹಿಡಿದ ಕೈ ಬಿಡಲಿಲ್ಲ, ಹಾಗಾಗಿ ತಡೆಯಲು ಕೈಯಿರಲಿಲ್ಲ. ಏಟು ಎಡಗಿವಿಯ ಮೇಲೆ ಬಿತ್ತು. ಕನ್ನಡಕ ಹಾರಿ ಡ್ರೈವರ್‌ನ ಕಾಲಡಿ ಬಿತ್ತು. ಬಾಯಲ್ಲಿ ಸಕ್ಕರೆ ಕರಗುತ್ತಿದ್ದ ಡ್ರೈವರ್‌ಗೆ ಅಷ್ಟು ಹೊತ್ತಿಗೆ ಕಣ್ಣ ಮುಂದಿನ ಮಂಜು ಸರಿಯತೊಡಗಿತ್ತು. ಅವನಿಗೆ ಮೊದಲು ಸ್ಪಷ್ಟವಾಗಿ ಕಂಡದ್ದು ಆ ಕೈ, ಮೊದಲು ಸ್ಪಷ್ಟವಾಗಿ ಕೇಳಿಸಿದ್ದು ಆ ಸದ್ದು. ಏಳಬಹುದಿತ್ತು. ಕಾಲಿಗೆ ಬಲ ಬಂದಿರಲಿಲ್ಲ ಅಂತ ಈಗ ಹೇಳುತ್ತಾನೆ. ಬಾಯಿಗಂತೂ ಬಂದಿತ್ತು. ಆದರೂ ಹಾರ್ನಣ್ಣ ಅವತ್ತು ತುಟಿ ಪಿಟಕ್ಕೆನ್ನಲಿಲ್ಲ.

ಮಾರನೇ ದಿನ ಕಂಡಕ್ಟರ್ ಊದಿದ ಕಿವಿಯ ಸಮೇತ ಮ್ಯಾನೇಜರ್ ಎದುರು ನಿಂತು ಎಲ್ಲವನ್ನೂ ಹೇಳಿದ. ಸ್ಟೇರಿಂಗ್ ಹೋಯಿತು. ಡ್ರೈವರ್‌ನನ್ನು ಟೈರ್ ಸೆಕ್ಷನ್ನಿಗೆ ಹಾಕಿದರು, ಅವನಿಗೆ ಹೆಸರಿಟ್ಟವನ ಕೈಕೆಳಗೆ.

ಮನೆಯಲ್ಲಿ ಡಬ್ಬಿಯ ಕಥೆಯೂ ಹೊರಬಿತ್ತು. ಹೆಂಡತಿ ಅಳಲಿಲ್ಲ, ಕೂಗಲಿಲ್ಲ.

"ನಾನು ಅಷ್ಟು ಹೊತ್ತಿಗೆ ಎದ್ದು ಬೇಯಿಸಿದ್ದು ಆ ವಾಚ್‌ಮನ್ನಿಗಾ?" ಅಂದಳು. "ಹೇಳಿದ್ರೆ ಅವನ ಹೆಂಡ್ತಿಗಾದ್ರೂ ರಜ ಕೊಡ್ತಿದ್ದೆ."

"ಸಕ್ಕರೆ ಇಳಿಸೋಕೆ ಮಾಡಿದೆ ಕಣೇ."

"ಇಳಿಸಿದ್ರಲ್ಲ. ನಿಮ್ಮನ್ನೂ ಇಳಿಸಿದ್ರು ಸೀಟಿಂದ."

ಅವತ್ತಿಂದ ಅವಳು ಬೆಳಗ್ಗೆ ಎದುರಿಗೆ ಸ್ಟೂಲು ಹಾಕಿಕೊಂಡು ಕೂರುತ್ತಾಳೆ. ಮಾತ್ರೆ ನುಂಗಬೇಕು, ತಟ್ಟೆ ಖಾಲಿಯಾಗಬೇಕು, ಆಮೇಲೆ ಚಪ್ಪಲಿ. ಜೈಲಿನಲ್ಲೂ ಇಷ್ಟು ಕಾವಲಿರಲ್ಲ ಅಂತ ಅವನು ಗೊಣಗುತ್ತಾನೆ. ಜೈಲಿನಲ್ಲಿ ಬಿಡುಗಡೆ ಅಂತ ಒಂದಿರುತ್ತೆ, ತಿನ್ನಿ ಅನ್ನುತ್ತಾಳೆ ಅವಳು. ಡಾಕ್ಟರ್ ಹತ್ತಿರವೂ ಅವಳೇ ಎಳೆದುಕೊಂಡು ಹೋದಳು. ಅವರು ಮಾತ್ರೆ ಬದಲಾಯಿಸಿ, "ಈ ಮೈಯನ್ನ ಓಡಿಸೋಕೆ ಹೊಟ್ಟೇಲಿ ಅನ್ನ ಇರಬೇಕು ಮಾರಾಯ, ಉಪವಾಸ ಮಾಡೋನಿಗೆ ನಾನು ಔಷಧಿ ಕೊಡಲ್ಲ" ಅಂದರು.

ಟೈರ್ ಸೆಕ್ಷನ್ನಿನಲ್ಲಿ ಕೂರಲು ಕುರ್ಚಿ ಇಲ್ಲ. ನಿಂತ ಬಸ್ಸುಗಳ ನಡುವೆ ಸುತ್ತಿ ಸುತ್ತಿ ಗಾಳಿ ನೋಡಬೇಕು, ಟೈರು ಉರುಳಿಸಬೇಕು, ಜ್ಯಾಕ್ ಎತ್ತಬೇಕು. ಊಟದ ಗಂಟೆ ಹೊಡೆದರೆ ಊಟ. ನೀರು ಬೇಕಾದಷ್ಟು, ಪಾಯಿಖಾನೆ ಪಕ್ಕದಲ್ಲೇ. ಡ್ರೈವರ್ ಹೊಟ್ಟೆ ಉರಿಯುತ್ತಲೇ ಇತ್ತು, ಆದರೆ ಆ ಹೊಟ್ಟೆ ಕರಗುತ್ತಲೂ ಬಂತು. ಕಾಲಿನ ಜೋಮು ಕಮ್ಮಿಯಾಯಿತು. ಒಂದು ಮಳೆಗಾಲ ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿದ ಡಾಕ್ಟರ್, "ಏನು ಮಾಡ್ತಾ ಇದೀಯೋ ಅದನ್ನೇ ಮುಂದುವರಿಸು" ಅಂದರು.

"ಏನೂ ಮಾಡ್ತಿಲ್ಲ ಸಾರ್. ಟೈರಿಗೆ ಒದೀತಿದೀನಿ."

"ಒದಿ. ದಿನಾ ಒದಿ."

ಇನ್ನೂ ಎರಡು ಪರೀಕ್ಷೆ ಸರಿಯಾಗಿ ಬಂದ ಮೇಲೆ, ಹೊಸ ಮಾತ್ರೆಯಲ್ಲಿ ಒಂದು ಸಲವೂ ನಡುಕ ಬಂದಿಲ್ಲ ಅಂತ ಡಾಕ್ಟರ್ ಬರೆದುಕೊಟ್ಟ ಮೇಲೆ, ಸೀಟು ವಾಪಸ್ ಬಂತು. ಮೊದಲ ದಿನ ಅವನು ಚಕ್ರದ ಮೇಲೆ ಎರಡೂ ಅಂಗೈ ಇಟ್ಟು ಎಷ್ಟೋ ಹೊತ್ತು ಸುಮ್ಮನೆ ಕೂತ. ಚಕ್ರ ಅಲ್ಲಾಡಲಿಲ್ಲ. ಹಿಂದಿನಿಂದ ಹೊಸ ಕಂಡಕ್ಟರ್ "ಏನಣ್ಣ, ನಿದ್ದೆನಾ?" ಅಂದದ್ದಕ್ಕೆ ಬಾಯಿತುಂಬ ಬೈದು ಗಾಡಿ ಎತ್ತಿದ.

ಹಳೇ ಕಂಡಕ್ಟರ್ ತಾನೇ ಕೇಳಿಕೊಂಡು ಊರಿನ ಆಚೆ ತುದಿಯ ಡಿಪೋಗೆ ಹೋಗಿದ್ದ. ಒಂದೇ ಒಂದು ಸಲ ಸಿಕ್ಕಿದ್ದ, ಬಸ್ ನಿಲ್ದಾಣದಲ್ಲಿ, ಅಕ್ಕಪಕ್ಕದ ಗಾಡಿ. ಡ್ರೈವರ್ ಕಿಟಕಿಯಿಂದ ನೋಡಿದ. ಅವನ ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಯಾರೋ ಹೆಂಗಸು ಅವನ ಎಡಗಡೆ ನಿಂತು ಏನೋ ಕೇಳಿದರೆ ಅವನು ಮೈಯನ್ನೇ ತಿರುಗಿಸಿ ಬಲಗಿವಿ ಕೊಟ್ಟ. ಡ್ರೈವರ್‌ನ ಬಾಯಿಗೆ ಒಂದು ಮಾತು ಬಂತು. ಬಂದದ್ದು ಹೊರಗೆ ಬರುವಾಗ ಹೀಗಾಯಿತು:

"ಏಯ್, ನಿಮ್ಮ ಗಾಡಿ ಮುಂದಕ್ಕೆ ತೆಗೆಸು. ದಾರಿಗಡ್ಡ ನಿಲ್ಲಿಸಿದೀರಲ್ಲ, ನಿಮ್ಮಪ್ಪನ ಜಾಗನಾ?"

ಕಂಡಕ್ಟರ್ ತಿರುಗಿ ನೋಡಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಸ್ನೇಹವೂ ಇರಲಿಲ್ಲ. ಎರಡು ಸೀಟಿ ಊದಿದ. ಅವನ ಗಾಡಿ ಹೊರಟುಹೋಯಿತು. ಆಮೇಲೆ ಅವನು ಕೆಲಸ ಬಿಟ್ಟು ಮಗಳ ಮನೆ ಸೇರಿದ ಅಂತ ಸುದ್ದಿ ಬಂತು.

"ಹೋಗಿ ಒಂದು ಮಾತು ಆಡಿ ಬನ್ನಿ. ಬಾಯಿ ಸವೆಯುತ್ತಾ?" ಅನ್ನುತ್ತಾಳೆ ಹೆಂಡತಿ, ತಟ್ಟೆ ಎದುರಿಗಿಟ್ಟು.

"ಏನಂತ ಆಡಲಿ? ನನ್ನ ಏಟು ನೀನು ತಿಂದಿದೀಯ, ವಾಪಸ್ ಕೊಡು ಅಂತಲಾ?"

"ಹಾಗೇ ಅನ್ನಿ. ಅವರಿಗೆ ಅರ್ಥ ಆಗುತ್ತೆ."

"ಸಾಹೇಬ್ರ ಹತ್ರ ಹೋಗೋ ಮುಂಚೆ ನನ್ನ ಹತ್ರ ಬರಬೇಕಿತ್ತು ಅವನು."

ಅವಳು ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸುತ್ತಾಳೆ. ಅವನು ತಟ್ಟೆ ಖಾಲಿ ಮಾಡಿ ಚಪ್ಪಲಿ ಹಾಕಿಕೊಳ್ಳುತ್ತಾನೆ. ವಾರದ ರಜೆಯ ದಿನ ಕಂಡಕ್ಟರ್‌ನ ಮಗಳ ಮನೆಯ ಬೀದಿಯ ತನಕ ನಡೆದು ಹೋಗುತ್ತಾನೆ, ಡಾಕ್ಟರ್ ನಡಿ ಅಂದಿದ್ದಾರೆ ಅಂತ. ಮೂಲೆಯ ಅಂಗಡಿಯ ಹತ್ತಿರ ನಿಂತು ಆ ಬಾಗಿಲನ್ನು ನೋಡುತ್ತಾನೆ. ಆಮೇಲೆ ಅಂಗಡಿಯವನಿಗೆ ಯಾವುದಾದರೂ ಕಾರಣಕ್ಕೆ ಎರಡು ಬೈದು, ಬಂದ ದಾರಿಯಲ್ಲೇ ವಾಪಸ್ ಬರುತ್ತಾನೆ. ಆ ಏಟಿನ ಬಾಕಿ ಇನ್ನೂ ಹಾಗೇ ಇದೆ.